ಮೌನಪ್ಪನ ಟಪಾಲು

ಅಮೀರ್‌ಪೇಟೆಯ ಆ ನಾಲ್ಕಂತಸ್ತಿನ ಕಟ್ಟಡಕ್ಕೆ ಇಟ್ಟಿಗೆ ಹೊತ್ತವನು ಮೌನಪ್ಪ. ಸುರಪುರದ ಕಡೆಯವನು. ಕಟ್ಟಡ ಮುಗಿದ ಮೇಲೆ ಗೌಂಡಿಗಳು ಬೇರೆ ಕೆಲಸಕ್ಕೆ ಹೋದರು. ಇವನು ಅಲ್ಲೇ ವಾಚ್‌ಮನ್ ಆಗಿ ನಿಂತ. ಒಳಗೆ ಕಂಪ್ಯೂಟರ್ ಕಲಿಸುವ ಸಂಸ್ಥೆ ಬಂತು. ಹೆಂಡತಿ ಗದಿಗೆಮ್ಮ ಅಲ್ಲೇ ಕಸ ಗುಡಿಸುವ ಕೆಲಸಕ್ಕೆ ಸೇರಿದಳು. ಮೌನಪ್ಪ ಹತ್ತನೆಯ ತರಗತಿ ಫೇಲು. ಬಾಗಿಲಲ್ಲಿ ನಿಂತು ಆರು ವರ್ಷ ಪಾಠ ಕೇಳಿದ. ಏಳನೆಯ ವರ್ಷ ಸರ್ವರ್ ಕೋಣೆಯ ಕೀಲಿ ಅವನ ಕೈಗೆ ಬಂತು.

ಸರ್ವರ್ ಅಂದರೆ ಎಲ್ಲರ ಕೆಲಸ ಹೊರುವ ಒಂದು ದೊಡ್ಡ ಕಂಪ್ಯೂಟರ್. ಅದನ್ನು ನಡೆಸಲು ಲಿನಕ್ಸ್ ಎಂಬ ವ್ಯವಸ್ಥೆ ಇತ್ತು. ಬರೀ ಕರಿ ಪರದೆ, ಬಿಳಿ ಅಕ್ಷರ. ಯಾರು ಯಾವ ಕಂಪ್ಯೂಟರಿನ ಮುಂದೆ ಕೂತರೂ ಅವರವರ ಟಪಾಲು, ಅಂದರೆ ಇ-ಮೇಲ್, ಕಾಣುವಂಥ ಒಂದು ಪುಟ ಸಂಸ್ಥೆಗೆ ಬೇಕಾಯಿತು. ಮೌನಪ್ಪ ಮೂರು ದಿನ ಕೂತ. ವೆಬ್‌ಮೇಲ್ ತಂದು ಹಾಕಿದ. ಅದಕ್ಕೊಂದು ಡೇಟಾಬೇಸ್ ಮಾಡಿದ. ಟಪಾಲು ಎಲ್ಲಿಂದ ಬರಬೇಕು, ಎಲ್ಲಿಂದ ಹೋಗಬೇಕು ಎಂದು ಒಂದು ಫೈಲಿನಲ್ಲಿ ಬರೆದ. ಪುಟವೇನೋ ಬಂತು, ಒಳಗೆ ಬಿಡಲಿಲ್ಲ. ಮೂರನೆಯ ದಿನ ತಪ್ಪು ಸಿಕ್ಕಿತು. ಆ ಫೈಲಿನಲ್ಲಿ ಒಂದು ನಂಬರು ತಪ್ಪಾಗಿತ್ತು.

"ಓಣಿ ಖರೇ ಐತಿ, ಮನಿ ನಂಬರ ತಪ್ಪು ಬರ್ದೀನಿ" ಎಂದು ತನಗೆ ತಾನೇ ನಕ್ಕ.

ಮೊದಲ ಟಪಾಲು ಗದಿಗೆಮ್ಮನಿಗೇ ಹೋಯಿತು, ಕನ್ನಡದಲ್ಲಿ. "ಊಟ ಆತೇನು?"

"ಇಲ್ಲೇ ನಿಂತು ಕೇಳೂದು ಬಿಟ್ಟು ಡಬ್ಬಿಯಾಗ ಬರದು ಕೇಳ್ತೀಯೇನು? ಮಂದಿ ನಗ್ತಾರ."

"ನಗಲಿ. ನೀ ತಿರುಗಿ ಬರಿ."

"ನಾ ಸಾಲಿ ಕಲ್ತದ್ದು ಮೂರನೇ ಇಯತ್ತ. ಓದೂದ್ರಾಗ ಸಾಕಾಗೇತಿ."

ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ. "ಇಲ್ಲಿ ಒತ್ತು. ನಂದು ತೆಳಗ ಹಂಗ ಇರತೈತಿ, ನಾ ಏನ ಕೇಳಿದ್ದೆ ಅಂತ ಮರೀಬಾರದಲ್ಲ. ಮ್ಯಾಲ ನಿಂದು ಬರಿ. ಅಳಿಸಿದ್ದೆಲ್ಲ ಈ ಕಸದ ಬುಟ್ಟಿಗೆ ಹೋಗತೈತಿ. ನೀ ಈ ಪುಟದಿಂದ ಹೊರಗ ಬಂದ ಕೂಡ್ಲೆ ಬುಟ್ಟಿ ತಾನ ಖಾಲಿ ಆಗೂ ಹಂಗ ಇಟ್ಟೀನಿ. ನಿನಗ ಕಸ ಇಟ್ಕೊಂಡ್ರ ನಿದ್ದಿ ಬರಾಂಗಿಲ್ಲಲ್ಲ."

"ನನ್ನ ಕೆಲಸ ಮಿಷನ್ನಿಗೆ ಕೊಟ್ಟೆ ಅನ್ನು."

"ಹೊರಗ ಬರೂದು ಮಾತ್ರ ಮರೀಬ್ಯಾಡ. ಬಾಗಲಾ ತೆರದಿಟ್ಟು ಹೋದಂಗ ಆಗತೈತಿ."

ಅವಳು ಎಂದೂ ಮರೆಯಲಿಲ್ಲ.

ಮರುವರ್ಷ ಅವನನ್ನು ಸಿಕಂದರಾಬಾದಿನ ಶಾಖೆಗೆ ಹಾಕಿದರು. ಇಲ್ಲಿಯ ಸರ್ವರನ್ನೂ ಅಲ್ಲಿಂದಲೇ ನೋಡಿಕೊಳ್ಳುತ್ತಿದ್ದ. ದಿನಾ ಮಧ್ಯಾಹ್ನ ಅಲ್ಲಿಂದ ಒಂದು ಟಪಾಲು. ಲಿಫ್ಟ್ ಕೆಟ್ಟದ್ದು, ಊಟದ ಡಬ್ಬಿಯಲ್ಲಿ ಪುಂಡಿ ಪಲ್ಯ ಚೆನ್ನಾಗಿದ್ದದ್ದು, ಮಂಡಿ ನೋವು. ಗದಿಗೆಮ್ಮ ಪೊರಕೆ ಗೋಡೆಗೆ ಆನಿಸಿ, ಅಕ್ಷರದ ಕೆಳಗೆ ಬೆರಳಿಟ್ಟು ಓದುತ್ತಿದ್ದಳು. ಉತ್ತರ ಬರೆದದ್ದು ಕಡಿಮೆ. ಬರೆದರೆ ಒಂದೇ ಮಾತು, "ಬಂತು" ಅಂತಲೋ "ಹೂಂ" ಅಂತಲೋ. ನಾಲ್ಕು ವರ್ಷ ಹೀಗೆ ನಡೆಯಿತು.

ಒಂದು ಸಂಜೆ ಸ್ಟೇಷನ್ ಮುಂದೆ ಬಸ್ಸಿಗೆ ನಿಂತಿದ್ದವನು ಕುಸಿದ. ಆಸ್ಪತ್ರೆಗೆ ಹೋಗುವಷ್ಟು ಹೊತ್ತೂ ಉಳಿಯಲಿಲ್ಲ.

ದಿನಕರ್ಮ ಮುಗಿಸಿ ಅವಳು ಕೆಲಸಕ್ಕೆ ಬಂದಳು. ಅವನ ಟಪಾಲು ಓದಬೇಕೆಂದು ಪುಟ ತೆಗೆದಳು. ಎಲ್ಲಕ್ಕೂ ಮೇಲೆ ಸಂಸ್ಥೆಯವರು ಎಲ್ಲರಿಗೂ ಕಳಿಸಿದ್ದೊಂದು ಇತ್ತು. ಇಂಗ್ಲಿಷು. ಆದರೆ ಫೋಟೊ ಅವನದು, ಫೋಟೊಗೆ ಹಾರ.

ಸಾವಿನ ಕಾಗದ ಮನೆಯಲ್ಲಿಡಬಾರದು. ಹೊಸ್ತಿಲ ಹೊರಗೇ ಓದಿ, ಹರಿದು, ಒಗೆದು, ಕೈಕಾಲು ತೊಳೆದು ಒಳಗೆ ಬರಬೇಕು. ಅವಳ ಅವ್ವ ಹಾಗೇ ಮಾಡುತ್ತಿದ್ದಳು. ಅದು ಅವನ ಟಪಾಲಿನ ತಲೆಯ ಮೇಲೆ ಕೂತದ್ದು ಅವಳಿಗೆ ಸಹಿಸಲಾಗಲಿಲ್ಲ. ಎಲ್ಲಕ್ಕೂ ಮೇಲಿದ್ದ ಚೌಕದಲ್ಲಿ ಗುರುತು ಹಾಕಿ ಅಳಿಸಿದಳು. ಆ ಚೌಕ ಒಂದು ಪತ್ರದ್ದಲ್ಲ, ಎಲ್ಲ ಪತ್ರಗಳದ್ದು. ಪುಟ ಬೆಳ್ಳಗಾಯಿತು. ಅಂಜಿಕೆಯಾಯಿತು. ಅವನು ಕಲಿಸಿದಂತೆ ಪುಟದಿಂದ ಹೊರಗೆ ಬಂದಳು. ನಲ್ಲಿಗೆ ಹೋಗಿ ಕೈಕಾಲು ತೊಳೆದಳು.

ಮರುದಿನ ನೋಡಿದರೆ ಒಂದೂ ಇಲ್ಲ. ಹೋದವನು ತನ್ನದು ತಗೊಂಡು ಹೋದ ಅಂದುಕೊಂಡಳು. ಯಾರಿಗೂ ಹೇಳಲಿಲ್ಲ.

ಸರ್ವರ್ ನೋಡಿಕೊಳ್ಳಲು ಮೌನಪ್ಪನ ಜಾಗಕ್ಕೆ ಅಮೀರ್‌ಪೇಟೆಗೇ ರಶ್ಮಿ ಎಂಬ ಹುಡುಗಿ ಬಂದಳು, ಬೀದರಿನವಳು. ಟಪಾಲು ಅಳಿಸಿಹೋಗಿ ನಾಲ್ಕು ವಾರವಾಗುವ ಹೊತ್ತಿಗೆ ಕೇಳಿದಳು. "ಅಕ್ಕಾ, ಅಣ್ಣಾರು ದಿನಾ ಬರೀತಿದ್ರಂತ. ನಿಮ್ಮ ಟಪಾಲಿನ ಡಬ್ಬಿ ಖಾಲಿ ಐತಲ್ಲ?"

ಗದಿಗೆಮ್ಮ ನಡೆದದ್ದು ಹೇಳಿದಳು.

"ಹೊರಗ ಬರೂಕಿಂತ ಮೊದ್ಲ ಯಾರನ್ನರ ಕರದಿದ್ರ, ಬುಟ್ಟಿಯಾಗರ..." ರಶ್ಮಿ ಮಾತು ಅರ್ಧಕ್ಕೆ ಬಿಟ್ಟಳು. ಮೌನಪ್ಪನ ಡಬ್ಬಿಯನ್ನು ಅವನು ಹೋದ ವಾರವೇ ಸಂಸ್ಥೆಯವರು ಅಳಿಸಿದ್ದರು. ಸರ್ವರಿನಲ್ಲಿ ಹಳೆಯ ನಕಲು ಹುಡುಕಿದಳು. ಹದಿನೈದು ದಿನದ್ದಷ್ಟೇ ಉಳಿಯುತ್ತಿತ್ತು. ಅದನ್ನೂ ಮೌನಪ್ಪನೇ ಹಾಗೆ ಇಟ್ಟಿದ್ದ.

"ಹಿಂದಿನ ವಾರ ಕೇಳಿದ್ರ ಸಿಗ್ತಿತ್ತೇನವ್ವ?"

"ಇಲ್ರಿ ಅಕ್ಕಾ. ಅದರ ಹಿಂದಿನ ವಾರ ಕೇಳಿದ್ರ ಸಿಗ್ತಿತ್ತು."

ಕೊನೆಗೆ ರಶ್ಮಿ, ಗದಿಗೆಮ್ಮ ಕಳಿಸಿದ ಉತ್ತರಗಳು ಬೇರೆಯಾಗಿ ಉಳಿದಿದ್ದ ಪುಟ ತೆಗೆದಳು. ಹನ್ನೊಂದು ಇದ್ದವು. ಮೇಲೆ ಅವಳ "ಬಂತು". ಕೆಳಗೆ ಅವನ ಟಪಾಲು, ಪೂರ್ತಿ. ಉತ್ತರ ಬರೆದವು ಉಳಿದಿದ್ದವು. ಬರೆಯದವು ಹೋಗಿದ್ದವು.

ಗದಿಗೆಮ್ಮ ಬೆರಳಿಟ್ಟು ಹನ್ನೊಂದೂ ಓದಿದಳು. ಮತ್ತೆ ಮೊದಲಿಂದ ನೋಡಿದಳು.

"ಯಾವುದು ಹುಡುಕಾಕತ್ತೀರಿ ಅಕ್ಕಾ?"

ಕೊನೆಯ ದಿನದ್ದು. "ಬರೂವಾಗ ಏನ ತರ್ಲಿ?" ಎಂದು ಬರೆದಿದ್ದ. ಅವಳು ಅದನ್ನು ಓದಿದ್ದಳು. ಸಂಜೆ ಮನೆಗೆ ಬರುತ್ತಾನಲ್ಲ, ಬಾಯಲ್ಲೇ ಹೇಳಿದರಾಯಿತು ಎಂದು ಪೊರಕೆ ತೆಗೆದುಕೊಂಡಿದ್ದಳು.