ನೀರು ಹಾಕಬೇಡ ಅಂದಿದ್ದ ಹತ್ತಿ

ಅಪ್ಪನಿಗೆ ನಾನು ಹೇಳಿದ್ದು ಒಂದೇ ಮಾತು: ಈ ಹತ್ತಿಗೆ ನೀರು ಹಾಕಬೇಡ. ಅದನ್ನು ಶನಿವಾರ ಸಂಜೆ ಬಸ್ಸಿಳಿದು ಬಂದಾಗ ಹೇಳುತ್ತಿದ್ದೆ, ಭಾನುವಾರ ಹೊರಡುವಾಗ ಹೇಳುತ್ತಿದ್ದೆ, ನಡುವೆ ಫೋನಿನಲ್ಲೂ ಹೇಳುತ್ತಿದ್ದೆ. ಪ್ರತಿ ಸಲವೂ ಅವನು, "ಆಯ್ತು ಕಣವ್ವಾ, ನಂಗೇನು ಕಿವಿ ಕೇಳಲ್ವಾ?" ಅನ್ನುತ್ತಿದ್ದ.

ನಾನು ಓದಿದ್ದು ಕೃಷಿ. ಕೆಲಸ ಸೇಲಂನ ಒಂದು ಬೀಜದ ಕಂಪನಿಯಲ್ಲಿ. ಅಲ್ಲಿ ನಾವು ಮಾರುವ ಹತ್ತಿಗೆ ಹೊತ್ತುಹೊತ್ತಿಗೆ ನೀರು ಬೇಕು. ನಲ್ಲಂಪಳ್ಳಿಯಿಂದ ಆಚೆಗಿರುವ ನಮ್ಮ ಹೊಲದ ಬೋರಿನಲ್ಲಿ ಬರುವ ನೀರು ಮನೆಗೆ ಮತ್ತು ಅಪ್ಪನ ಕುರಿಗಳಿಗೆ ಸಾಕಾದರೆ ಅದೇ ಹೆಚ್ಚು. ಹಾಗಾಗಿ ನಾನೇ ಒಂದು ತಳಿ ಮಾಡಿ ನೋಡೋಣ ಅಂದುಕೊಂಡೆ. ಬೇರೆ ಬೇರೆ ಕಡೆಯಿಂದ ತಂದ ಬೀಜಗಳನ್ನು ಆಡಿ ತಿಂಗಳ, ಅಂದರೆ ಆಷಾಢದ, ಮಳೆಗೆ ಬಿತ್ತುವುದು. ಮಳೆ ಹಿಂದೆಗೆದ ಮೇಲೆ ಒಂದು ಹನಿಯನ್ನೂ ಕೊಡದೆ ಯಾವ ಗಿಡ ತಡೆಯುತ್ತದೆಂದು ನೋಡುವುದು. ತಡೆದದ್ದನ್ನು ಒಳ್ಳೆಯ ಉದ್ದ ಎಳೆಯ ಹತ್ತಿಯೊಂದಿಗೆ ಕೂಡಿಸುವುದು.

ಮಳೆ ನಿಂತಿತು. ವಾರ ಕಳೆದಂತೆ ಗಿಡಗಳು ಎಲೆ ಮುದುರಿಕೊಂಡವು, ಮೊಗ್ಗು ಉದುರಿಸಿದವು. ಕುರಿದೊಡ್ಡಿಯ ದಾರಿಗೆ ಹತ್ತಿರವಿದ್ದ ಒಂದು ಗಿಡ ಮಾತ್ರ ಮಟಮಟ ಮಧ್ಯಾಹ್ನದಲ್ಲೂ ಎಲೆ ಬಿಚ್ಚಿಕೊಂಡು ನಿಂತಿತ್ತು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಅದಕ್ಕೆ ಕೆಂಪು ದಾರ ಕಟ್ಟಿದೆ.

ಅಲ್ಲಿಂದ ಆ ವರ್ಷದ ನನ್ನ ಶನಿವಾರ ಭಾನುವಾರಗಳೆಲ್ಲ ಆ ಗಿಡದ ಪಾಲಾದವು. ಸಂಜೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಮರುದಿನ ಅರಳಲಿರುವ ಮೊಗ್ಗುಗಳನ್ನು ಉಗುರಿನಿಂದ ಸುಲಿದು, ಗಂಡು ಕೇಸರಗಳನ್ನು ತೆಗೆದು, ಬೇರೆ ಪರಾಗ ತಾಗದಂತೆ ಕಾಗದದ ಕೊಳವೆ ತೊಡಿಸುತ್ತಿದ್ದೆ. ಬೆಳಿಗ್ಗೆ ಉದ್ದ ಎಳೆಯ ಗಿಡದ ಹೂ ಕಿತ್ತು ತಂದು ಅದರ ಪರಾಗ ಸವರುತ್ತಿದ್ದೆ. ಬೆನ್ನು ಬಿದ್ದು ಹೋಗುತ್ತಿತ್ತು. ಮದುವೆ, ಸೀಮಂತಗಳಿಗೆ ಕರೆದವರೆಲ್ಲ ನನ್ನ ಮೇಲೆ ಮುನಿಸಿಕೊಂಡರು.

ಕಾಯಿ ಬಲಿಯುತ್ತಿದ್ದಾಗ, ನನ್ನ ಜೊತೆ ಓದಿ ಈಗ ಕೃಷಿ ಇಲಾಖೆಯಲ್ಲಿರುವ ಗೆಳೆಯನೊಬ್ಬನನ್ನು ಗಿಡ ನೋಡಲು ಕರೆತಂದೆ. ಅವನು ಎಲೆ ಮುಟ್ಟಿ ನೋಡಿದ, ಫೋಟೋ ತೆಗೆದ, "ಸೂಪರ್" ಅಂದ. ಮಜ್ಜಿಗೆ ಹಿಡಿದು ಬಂದ ಅಪ್ಪನಿಗೆ ಹೆಮ್ಮೆ ತಡೆಯಲಾಗಲಿಲ್ಲ.

"ಚೆನ್ನಾಗಿರ್ದೆ ಏನು? ದಿನಾ ಕುರಿ ತೊಟ್ಟೀಲಿ ಉಳ್ದ ನೀರು ಅದುಕ್ಕೇ ಉಯ್ದಿವ್ನಿ."

ನಾನು ಗಿಡ ಬಿಟ್ಟು ಅವನತ್ತ ತಿರುಗಿದೆ.

"ಅಪ್ಪಾ, ನೀರು ಹಾಕಬೇಡ ಅಂದಿದ್ದೆನಲ್ಲ!"

"ಅಷ್ಟಕ್ಕೂ ಆಕ್ಲಿಲ್ಲ ಕಣವ್ವಾ. ಇದೊಂದುಕ್ಕೇ. ಎಲ್ಲಾದ್ಕಿಂತ ಮೊದ್ಲು ಬಾಡೋಗಿದ್ದು ಇದೇಯಾ. ತಲೆ ಬಗ್ಗಿಸ್ಕೊಂಡು ನಿಂತಿತ್ತು. ಪಾವಂ, ಓಗ್ತಾ ಬರ್ತಾ ನೋಡಕ್ಕಾಗ್ಲಿಲ್ಲ."

ಗೆಳೆಯ ಮಜ್ಜಿಗೆ ಲೋಟವನ್ನು ನೆಲಕ್ಕಿಟ್ಟು, "ಎಲ್ಲಾಂ ಪೋಚ್ಚಾ?" ಎಂದು ನಗತೊಡಗಿದ. ಹೌದು, ಎಲ್ಲ ಹೋಗಿತ್ತು. ಹೊಲದಲ್ಲೇ ಅತಿ ಕೈಲಾಗದ ಗಿಡವನ್ನು ಆರಿಸಿ, ವಾರವಾರ ಅದರ ಸೇವೆ ಮಾಡಿದ್ದೆ. ನಾನು ಬರುವ ಶನಿವಾರ ಅಪ್ಪ ನೀರು ಹಾಕುತ್ತಿರಲಿಲ್ಲವಂತೆ, ನಾನು ಬಯ್ಯುತ್ತೇನೆಂದು. ಆ ಕೆಮ್ಮಣ್ಣು ಸಂಜೆಯೊಳಗೆ ಮೇಲೆಲ್ಲ ಒಣಗಿ ಪುಡಿಯಾಗಿರುತ್ತಿತ್ತು. ನನಗೆ ತಿಳಿಯುವುದಾದರೂ ಹೇಗೆ?

ಅವತ್ತು ನಾನು ಕೂಗಾಡಿದ್ದು ದೊಡ್ಡಿಯ ಕುರಿಗಳಿಗೂ ಕೇಳಿಸಿರಬೇಕು. ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಬಾಯಿಲ್ಲದ ಗಿಡವ ಬೇಕೂಂತ ಸಾಯ್ಸೋದು ಎಂಥಾ ಓದು?" ಎಂದು ಗೊಣಗಿದ.

ಮರುವರ್ಷ ಮೊದಲಿನಿಂದ ಶುರು ಮಾಡಿದೆ. ಈ ಸಲ ಬಿತ್ತಿದ್ದು ಗುಡ್ಡದ ಬದಿಯ ಕಲ್ಲುನೆಲದಲ್ಲಿ, ಅಲ್ಲಿಗೆ ಬಿಂದಿಗೆ ಹೊತ್ತು ಹೋಗುವುದು ಕಷ್ಟವೆಂದು. ಮಾತು ಕೊಟ್ಟ ಅಪ್ಪ ಕುರಿಗಳನ್ನೂ ಬೇರೆ ದಾರಿಯಲ್ಲಿ ಹೊಡೆದುಕೊಂಡು ಹೋಗತೊಡಗಿದ. ಆದರೂ ಹೋಗಿ ನೋಡದೆ ಇರಲಾಗಲಿಲ್ಲವೇನೋ, ಮಳೆ ನಿಂತ ಮೇಲೆ ಅವನ ಫೋನು ಶುರುವಾಯಿತು. ಆಫೀಸಿನಲ್ಲಿ ಮೀಟಿಂಗ್ ನಡೆಯುತ್ತಿದ್ದರೂ ಬಿಡುತ್ತಿರಲಿಲ್ಲ. ಯಾರೋ ನೆಂಟರು ತೀರಿಕೊಂಡ ದನಿಯಲ್ಲಿ, "ಬಂಡೆತಾವ ಇದ್ದುದ್ದೂ ಓಯ್ತು ಕಣವ್ವಾ," ಅನ್ನುತ್ತಿದ್ದ.

"ಹೋಗಲಿ ಬಿಡಪ್ಪಾ!"

"ಒಂದ್ ಚೊಂಬು?"

"ಬೇಡ!"

ಹೆಚ್ಚಿನವು ಒಣಗಿಯೇ ಹೋದವು. ಇಳಿಜಾರಿನ ಕೆಳಗೆ ಕೆಲವು ಗಿಡ್ಡ ಗಿಡಗಳು ಉಳಿದವು. ಎಲೆ ಸಣ್ಣ, ಕಾಯಿ ಇನ್ನೂ ಸಣ್ಣ, ಆದರೆ ಮೊಗ್ಗು ಬಿಡುತ್ತಿದ್ದವು. ಒಂದು ಸಂಜೆ ಅವುಗಳ ಮುಂದೆ ಕೂತು ಮೊಗ್ಗು ಸುಲಿಯುತ್ತಿದ್ದೆ. ಅಪ್ಪ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಇವಾ? ಇವುಕ್ಕಾ ಇಷ್ಟೆಲ್ಲಾ ಕಿರುಚಾಡಿದ್ದು? ಓದ್ವರ್ಸದ್ದು ಎಷ್ಟು ಚೆಂದಾಗಿತ್ತು!"

ಅವನ ಕೈಗೆ ಒಂದಷ್ಟು ಕಾಗದದ ಕೊಳವೆ ಕೊಟ್ಟು, ತೊಡಿಸು ಎಂದು ಆಚೆ ಸಾಲು ತೋರಿಸಿದೆ.