ಇಪ್ಪತ್ತು ಹೆಜ್ಜೆ ದೂರದಿಂದ

ನನ್ನ ಫೋಟೋಗಳಲ್ಲಿ ಮದುಮಗಳು ಯಾವಾಗಲೂ ಸಣ್ಣಗೆ ಕಾಣುತ್ತಾಳೆ. ಸುತ್ತ ಮುಕ್ಕುಂದದ ಹಸಿರು ಗದ್ದೆ, ಇಲ್ಲವೇ ಮಸ್ಕಿ ಗುಡ್ಡದ ಬಂಡೆಗಳು, ನಡುವೆ ಅವಳೊಬ್ಬಳೇ. ಲಿಂಗಸುಗೂರಿನ ಫೋಟೋಗ್ರಾಫರ್ ಒಬ್ಬರು ನೋಡಿ, "ಇದು ನಿಮ್ಮದ ಸ್ಟೈಲ್ ಬಿಡ್ರಿ, ನಮಗ ಬರಂಗಿಲ್ಲ" ಎಂದರು. ನಾನು ನಕ್ಕೆ. ಸ್ಟೈಲೂ ಇಲ್ಲ, ಸುಡುಗಾಡೂ ಇಲ್ಲ. ನನ್ನನ್ನು ಹತ್ತಿರ ಬಿಡುತ್ತಿರಲಿಲ್ಲ, ಅಷ್ಟೇ.

ಸಿಂಧನೂರಿನಲ್ಲಿ ಸ್ಟುಡಿಯೋ ಇಟ್ಟವರು ನನ್ನ ಗಂಡ. ಅವರು ಕ್ಯಾಮೆರಾ ಹಿಡಿದರೆ ನಾನು ಮದುಮಗಳ ನೆರಿಗೆ ಹಿಡಿಯುತ್ತಿದ್ದೆ. ಸೆರಗು ಹರವುವುದು, ಬೈತಲೆಮಣಿ ನಡುವಿಗೆ ತರುವುದು, ಮುಖದ ಬೆವರು ಒರೆಸುವುದು ಎಲ್ಲ ನನ್ನ ಕೆಲಸ. ಹೆದರಿದ ಹುಡುಗಿಯರು ನನ್ನ ಕೈ ತಾಗಿದರೆ ಸ್ವಲ್ಪ ಹಗುರಾಗುತ್ತಿದ್ದರು. ನೋಡಿ ನೋಡಿ ಕ್ಯಾಮೆರಾನೂ ಕಲಿತಿದ್ದೆ. ಗಂಡ ತೀರಿಕೊಂಡ ಮೇಲೆ ಕ್ಯಾಮೆರಾ ಕೈಗೆ ಬಂತು, ಮದುಮಗಳು ಕೈತಪ್ಪಿದಳು.

ಯಾರೂ ಜೋರು ಮಾಡಲಿಲ್ಲ. ಮೊದಲ ಸಲ, ಕಾಲುವೆ ದಂಡೆಯ ಮೇಲೆ ಒಬ್ಬ ಹುಡುಗಿಯ ಸೆರಗಿಗೆ ಕೈ ಹಾಕಲು ಹೋದಾಗ, ಅವಳ ದೊಡ್ಡಮ್ಮ ನಡುವೆ ಬಂದು, "ನೀವು ಅಲ್ಲೇ ನಿಂತು ಹೇಳ್ರಿ, ನಾವು ಮಾಡ್ತೀವಿ. ಮುತ್ತೈದಿ ಆಗೋ ಕೂಸು ನೋಡ್ರಿ" ಎಂದರು. ಸಿಟ್ಟು ಮಾಡಿಕೊಳ್ಳಲೂ ಜಾಗವಿಲ್ಲದಷ್ಟು ಮೆತ್ತಗೆ ಹೇಳಿದರು. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಬಾಯಿತುಂಬ ಹೇಳುವ ಮನೆ ಅದು. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ. ಮನೆಗೆ ಬಂದು ಅತ್ತುಬಿಟ್ಟೆ. ಮರುವಾರ ಸುತ್ತಲಿನ ಬಯಲೆಲ್ಲ ಹಿಡಿಸುವ ಅಗಲದ ಲೆನ್ಸ್ ಕೊಂಡೆ. ಅಂದಿನಿಂದ ಇಪ್ಪತ್ತು ಹೆಜ್ಜೆ ಹಿಂದೆ ನಿಂತು, "ಗದ್ದ ಸ್ವಲ್ಪ ಮ್ಯಾಲೆ ಮಾಡವ್ವ" ಎಂದು ಕೂಗುವುದೇ ರೂಢಿಯಾಯಿತು. ಯಾರಾದರೂ ಹೇಳುವ ಮೊದಲೇ ನಾನೇ ಹಿಂದೆ ಸರಿಯುತ್ತಿದ್ದೆ. ಹೇಳಿಸಿಕೊಳ್ಳುವುದಕ್ಕಿಂತ ಅದು ಮೇಲು.

ಹೋದ ವರ್ಷ ಸಂತೆಕಲ್ಲೂರಿನ ಹುಡುಗಿಯೊಬ್ಬಳಿಗೆ ಮಸ್ಕಿ ಗುಡ್ಡದ ಮೇಲೆ ಫೋಟೋ ಬೇಕಿತ್ತು. ಅರಿಶಿಣ ಹಚ್ಚಿದ ಮೇಲೆ ಮದುಮಗಳು ಹೊಸ್ತಿಲು ದಾಟುವಂತಿಲ್ಲ, ಅದಕ್ಕೇ ಅದರ ಹಿಂದಿನ ದಿನ ಬಂದಳು. ಜೊತೆಗೆ ಸೋದರತ್ತೆ. ಅತ್ತೆಗೆ ಮೊಣಕಾಲು ನೋವು. ಗುಡ್ಡದ ಬುಡದಲ್ಲೇ ಹುಡುಗಿಯ ನೆರಿಗೆ, ಹೂವು ಎಲ್ಲ ತಿದ್ದಿ, "ನಾ ಎಲ್ಲಾ ಸರಿ ಮಾಡೀನ್ರಿ, ನೀವು ಕೈ ಹಚ್ಚೋದೇನು ಬೇಕಾಗಂಗಿಲ್ಲ" ಎಂದು ಕಾರಿನಲ್ಲಿ ಕೂತರು. ನಾವಿಬ್ಬರೇ ಹತ್ತಿದೆವು.

ಮೇಲೆ ಗಾಳಿ ಬಲವಾಗಿತ್ತು. ಹುಡುಗಿಯನ್ನು ಬಂಡೆಯ ಮೇಲೆ ನಿಲ್ಲಿಸಿ ನಾನು ಹಿಂದೆ ಸರಿಯುವಷ್ಟರಲ್ಲಿ ಮುಡಿಯ ಮಲ್ಲಿಗೆ ಮಾಲೆ ಜಾರಿ ಕಿವಿಯ ಮೇಲೆ ಬಿತ್ತು.

"ಅಕ್ಕಾರ, ಹೂವು ಜಾರೈತಿ. ನನಗ ಕಾಣವಲ್ದು, ನೀವ ಸರಿ ಮಾಡ್ರಿ."

"ತಡಿಯವ್ವ, ನಿಮ್ಮ ಅತ್ತ್ಯಾರನ್ನ ಕರೀತೀನಿ."

"ಅಕಿ ಗುಡ್ಡ ಹತ್ತಂಗಿಲ್ರಿ." ಕೆಳಗೆ ಕಾರಿನ ಕಡೆ ನೋಡಿ ಅಂದಳು, "ನಿಮ್ಮ ಸುದ್ದಿ ನನಗ ಗೊತ್ತೈತ್ರಿ. ನಮ್ಮಪ್ಪನೂ ಇಲ್ಲ. ಲಗ್ನ ಗೊತ್ತಾದಾಗಿಂದ ನಮ್ಮವ್ವ ನನ್ನ ತಲಿ ಮುಟ್ಟವಲ್ಲಳು. ದಿನಾ ಬಾಚ್ತಿದ್ದಕಿ ಅಕಿನ. ನೀವಾರ ಮುಟ್ರಿ."

ನಾನು ಹತ್ತು ಹೆಜ್ಜೆ ನಡೆದೆ. ಅಲ್ಲಿಗೆ ನಿಂತೆ. ಅತ್ತೆ ಕೆಳಗಿನಿಂದ ನೋಡುತ್ತಿದ್ದರೋ ಇಲ್ಲವೋ ಗೊತ್ತಿಲ್ಲ, ಅವರ ಮೇಲೆ ಹಾಕಿ ನಾನು ಪಾರಾಗುವಂತಿಲ್ಲ. ನಾಳೆ ಈ ಹುಡುಗಿಗೆ ಏನಾದರೂ ಆದರೆ ಎಂಬ ಹುಳು ನನ್ನ ತಲೆಯೊಳಗೇ ಇತ್ತು. ಅದು ಬೇರೆಯವರದು ಎಂದುಕೊಂಡು ಇಷ್ಟು ದಿನ ಅವರನ್ನು ಬೈದುಕೊಂಡಿದ್ದೆ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು, ಆದರೂ ಕೈ ಮೇಲೇಳಲಿಲ್ಲ.

"ಹೊತ್ತು ಮುಳುಗಾಕತ್ತೈತವ್ವ. ಇರಲಿ ಬಿಡು, ಹಂಗ ಚಂದ ಕಾಣ್ತೈತಿ" ಎಂದೆ.

ಅವಳು ಮುಖ ಹೊರಳಿಸಿ ಬಯಲಿನ ಕಡೆ ನೋಡಿದಳು. ನಾನು ಹಿಂದೆ ಹೋಗಿ ತೆಗೆದೆ. ಅವತ್ತಿನದರಲ್ಲಿ ಅದೇ ಚಂದ ಬಂದದ್ದು.

ಮದುವೆ ಮುಗಿದು ಕೆಲವು ದಿನಗಳಾದ ಮೇಲೆ ಆಲ್ಬಮ್ಮಿಗೆ ಫೋಟೋ ಆರಿಸಲು ಅವಳ ತಾಯಿ ಒಬ್ಬರೇ ಬಸ್ಸಿಗೆ ಬಂದರು. ನನ್ನದೇ ವಯಸ್ಸು. ಕಂಪ್ಯೂಟರಿನ ಮುಂದೆ ಕೂರಿಸಿ ಚಹಾ ತರಿಸಿದೆ. ಒಂದೊಂದನ್ನೂ ನಿಧಾನವಾಗಿ ನೋಡಿದರು, ಚಹಾ ಆರಿಹೋಯಿತು. ಗುಡ್ಡದ ಫೋಟೋ ಬಂದಾಗ, "ಇದನ್ನ ದೊಡ್ಡದು ಮಾಡ್ರಿ" ಎಂದರು. ಮಾಡಿದೆ. ಅವರು ಹೆಬ್ಬೆರಳನ್ನು ಪರದೆಯ ಮೇಲಿಟ್ಟು, ಮಗಳ ಕಿವಿಯ ಮೇಲೆ ಬಿದ್ದ ಮಲ್ಲಿಗೆಯನ್ನು ಮೆಲ್ಲಗೆ ಮೇಲಕ್ಕೆ ಸರಿಸಿದರು. ಎರಡು ಸಲ ಸರಿಸಿದರು.

"ಹೂವು ಜಾರೈತಿ ನೋಡ್ರಿ. ನಮ್ಮ ನಾದಿನಿ ಕೆಳಗ ಕುಂತಿದ್ಲಂತ, ಸರಿ ಮಾಡಾಕ ಮ್ಯಾಲೆ ಹೆಣ್ಮಕ್ಕಳು ಯಾರೂ ಇರಲಿಲ್ಲೇನ್ರಿ?"

ನಾನು ಪರದೆಯನ್ನೇ ನೋಡುತ್ತ, "ಯಾರೂ ಇರಲಿಲ್ರೀ" ಎಂದೆ.