ಎಣ್ಣೆ ಕೂರುವ ಜಾಗ

ಆಗ ನಮ್ಮಣ್ಣ ಯಶವಂತಪುರದ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್. ಲೇತ್ ಯಂತ್ರದಲ್ಲಿ ಉಳಿ ಹಿಡಿದ ಗಾಡಿ ಹಿಂದೆಮುಂದೆ ಜಾರುವ ಬೀಡುಕಬ್ಬಿಣದ ಮೈಯನ್ನು ಸ್ಕ್ರೇಪರಿನಿಂದ ಕೆರೆದು, ನುಚ್ಚಕ್ಕಿಯಷ್ಟು ಸಣ್ಣ ಗುಳಿಗಳನ್ನು ಮಾಡಿ, ಕಣ್ಣು ಮುಚ್ಚಿ ಕಿರುಬೆರಳಲ್ಲಿ ಸವರುತ್ತಿದ್ದ. "ಎಣ್ಣೆಗೂ ಕೂರೋಕೆ ಜಾಗ ಬೇಕು ಕಣೋ" ಅನ್ನುವುದು ಅವನ ಮಾತು. ಅಲ್ಲೇ ಕಸ ಹೊಡೆಯುತ್ತಿದ್ದ ನನಗೆ ಮಾಲೀಕರು, "ನಿಮ್ಮಣ್ಣನ ಕೈ ನೋಡಿ ಕಲಿಯೋ" ಅಂದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ಅವನು ರಾಜಾನುಕುಂಟೆಗೆ ಮದುವೆಗೆ ಹೋದಾಗ, ಕೆರೆದಿಟ್ಟಿದ್ದ ಗುಳಿಗಳನ್ನೆಲ್ಲ ನಾನು ಎಮರಿ ಕಾಗದದಿಂದ ಉಜ್ಜಿ ಕನ್ನಡಿಯ ಹಾಗೆ ಮಾಡಿದೆ.

"ಮುಖ ಕಾಣ್ತದಲ್ಲೋ! ಅಣ್ಣನ್ನೇ ಮೀರಿಸ್ಬಿಟ್ಟೆ" ಅಂದರು ಮಾಲೀಕರು. ಆ ಮಾತಿಗೆ ಎಷ್ಟು ಕಾದಿದ್ದೆ!

ಅಣ್ಣ ವಾಪಸ್ಸು ಬರುವ ಹೊತ್ತಿಗೆ, ಓಡಿಸಿದ ಲೇತಿನಲ್ಲಿ ಆ ನುಣುಪಿನ ಮೇಲೆ ಎಣ್ಣೆ ನಿಲ್ಲದೆ, ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ, ಉದ್ದಕ್ಕೂ ಗೀರು ಬಿದ್ದಿತ್ತು. ಮಾಲೀಕರು ನನ್ನನ್ನು ಕೆಲಸದಿಂದ ತೆಗೆಯಲು ಹೊರಟಾಗ ಅಣ್ಣ ಗೀರಿನ ಮೇಲೆ ಬೆರಳಾಡಿಸಿ, "ನಾನೇ ಹೇಳ್ಕೊಟ್ಟಿರ್ಲಿಲ್ಲ ಸ್ವಾಮಿ, ತಪ್ಪು ನಂದೇ" ಅಂದ. ದಿನಾ ಹೇಳಿಕೊಡುತ್ತಿದ್ದ.

ಆಮೇಲೆ ಸ್ಕ್ರೇಪರನ್ನು ನನ್ನ ಕೈಗಿಟ್ಟು, "ಹಿಡ್ಕೊ, ಮೊದಲಿಂದ ಕೆರೆಯೋಣ" ಅಂದ. ಒಂದೇಟು ಹೊಡೆದಿದ್ದರೆ ಇಬ್ಬರೂ ಸಮ ಆಗುತ್ತಿದ್ದೆವು. ಅವನು ಹೊಡೆಯಲಿಲ್ಲ. ಅದಕ್ಕೂ ನಾನು ಅವನ ಮೇಲೆ ಹೊಟ್ಟೆಕಿಚ್ಚು ಪಟ್ಟೆ.